ಸಾಕ್ಷಿಗೆ ಬಂದ ಅಮ್ಮ

ಮರೆಯುವವರನ್ನು ನೋಡುವುದಕ್ಕೆಂದೇ ತೆರೆದಿದ್ದ ಆ ಕ್ಲಿನಿಕ್ಕಿನಲ್ಲಿ ಎರಡು ಸಲ ಬರಲು ಮರೆತವರ ಹೆಸರು ತೆಗೆದುಹಾಕುತ್ತಿದ್ದರು. ಕಾಲು ಮುರಿದವರ ಆಸ್ಪತ್ರೆಗೆ ಓಡಿಕೊಂಡು ಬಂದವರಿಗೆ ಮಾತ್ರ ಪ್ರವೇಶ ಎಂದಹಾಗೆ. ನಿಯಮ ಮಾಡಿದ ಪುಣ್ಯಾತ್ಮನಿಗೆ ಅದರಲ್ಲಿ ನಗುವಂಥದ್ದೇನೂ ಕಂಡಿರಲಿಕ್ಕಿಲ್ಲ. ಅವಳಿಗೂ ಮೊದಲ ಸಲ ತಾರೀಕು ತಪ್ಪುವವರೆಗೆ ಕಂಡಿರಲಿಲ್ಲ. ಹೋದ ತಿಂಗಳು ತಲೆ ಬಾಚಿ, ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು, ಹೇಳಿದ ಹೊತ್ತಿಗಿಂತ ಮೊದಲೇ ಹೋಗಿ, ಜೀವನದಲ್ಲಿ ಒಂದು ಸಲವಾದರೂ ಸರಿಯಾಗಿ ಬಂದೆನಲ್ಲ ಎಂದು ಒಳಗೊಳಗೇ ಬೀಗುತ್ತ ನಿಂತಿದ್ದಾಗ, ಕೌಂಟರಿನ ಹುಡುಗಿ ಪರದೆಯಿಂದ ಕಣ್ಣೆತ್ತದೆ, "ನಿಮ್ಮದು ನಿನ್ನೆ ಇತ್ತಲ್ಲ ಮೇಡಂ," ಎಂದಿದ್ದಳು. ಆ 'ಮೇಡಂ' ಅನ್ನುವುದರಲ್ಲಿ ಇದ್ದ ಕರುಣೆ ಇವತ್ತಿಗೂ ಬೆನ್ನಿನ ಮೇಲೆ ಎಲ್ಲೋ ತುರಿಸುತ್ತದೆ. ಇವತ್ತು ಎರಡನೆಯ ಸಲ. ಇವತ್ತೂ ತಪ್ಪಿದರೆ ಮತ್ತೆ ಸಾಲಿನ ಬಾಲಕ್ಕೆ. ಸಾಲು ಎಂಟು ತಿಂಗಳಷ್ಟು ಉದ್ದ. ಆದರೆ ಕಾರ್ಖಾನೆಯ ಮ್ಯಾನೇಜರು ಅವಳಿಗೆ ಕೊಟ್ಟಿದ್ದು ಈ ತಿಂಗಳ ಕೊನೆಯವರೆಗೆ ಮಾತ್ರ. ಅಷ್ಟರಲ್ಲಿ ಅವಳ ಮರೆವಿಗೆ ಕಾರಣ ಬರೆದ ಡಾಕ್ಟರ ಪತ್ರ ತರಬೇಕು. ಇಲ್ಲವಾದರೆ ಇಪ್ಪತ್ತು ವರ್ಷ ನಿಂತ ಕಟಿಂಗ್ ಟೇಬಲ್ ಬಿಟ್ಟು, ಹೊಸದಾಗಿ ಸೇರಿದ ಹುಡುಗಿಯರ ಪಕ್ಕ ಕೂತು ಹೊಲಿದ ಬಟ್ಟೆಯ ತುದಿಗಳಲ್ಲಿ ನೇತಾಡುವ ದಾರ ಕತ್ತರಿಸಬೇಕು.

ಅದಕ್ಕೇ ಬೆಳಗಿಗೆಂದು ಫೋನಿನಲ್ಲಿ ನಾಲ್ಕು ಅಲಾರಂ ಇಟ್ಟಿದ್ದಳು. ಏಳಲು ಒಂದು, ಸ್ನಾನಕ್ಕೆ ಒಂದು, ಹೊರಡಲು ಒಂದು, ಮಿಕ್ಕ ಮೂರು ಯಾತಕ್ಕೆಂದು ನೆನಪಿಸಲು ಇನ್ನೊಂದು. ಅವು ಒಂದರ ಹಿಂದೊಂದು ಕೂಗಿಕೊಳ್ಳುತ್ತಿದ್ದಾಗ ಅವಳು ಅಡುಗೆಮನೆಯಲ್ಲಿ ನಿಂತು ಕನ್ನಡಕ ಹುಡುಕುತ್ತಿದ್ದಳು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದವಳ ಕಥೆ. ಕನ್ನಡಕ ಕೊರಳಲ್ಲೇ ನೇತಾಡುತ್ತಿತ್ತು. ಅದು ಸಿಕ್ಕ ಸಂತೋಷದಲ್ಲಿ ಹಾಲು ಉಕ್ಕಿತು, ಹಾಲು ಒರೆಸುವ ಬಟ್ಟೆ ತರಲು ಹೋದವಳು ಬಚ್ಚಲಿನ ನಲ್ಲಿ ತೊಟ್ಟಿಕ್ಕುವುದನ್ನು ಕಂಡು ಅದನ್ನು ತಿರುಪುತ್ತ ನಿಂತಳು, ತಿರುಪುತ್ತಿದ್ದಾಗ ಒಗೆಯಲು ನೆನೆಸಿದ್ದ ಬಟ್ಟೆ ಕಂಡಿತು. "ಅಲ್ಲಾ ಕಣೇ, ಒಲೆ ಮುಂದೆ ನಿಂತವಳು ಬಚ್ಚಲಲ್ಲಿ ಏನು ಮಾಡ್ತಿದ್ದೀಯ?" ಎಂದು ಅಮ್ಮ ಕೋಣೆಯಿಂದಲೇ ಕೂಗಿದಳು. ಎಪ್ಪತ್ತೆಂಟು ವರ್ಷದ ಅಮ್ಮನಿಗೆ ಮಂಡಿ ಸೋತಿದೆ, ಗಂಟಲು ಸೋತಿಲ್ಲ. "ನಿನ್ನ ನಂಬಿ ನೀರಿಗಿಳಿದ್ರೆ ಮುಳುಗಿದ ಹಾಗೇ. ಹೇಳಿದ್ದು ಈ ಕಿವೀಲಿ ಕೇಳಿ ಆ ಕಿವೀಲಿ ಬಿಡೋದು. ಚಿಕ್ಕವಳಿದ್ದಾಗಿಂದ ಬಡ್ಕೊಂಡೆ, ಮೈಯೆಲ್ಲಾ ಮರೆವು, ಮೈಯೆಲ್ಲಾ ಮರೆವು." ಬೇರೆ ದಿನವಾದರೆ ಈ ಮಾತಿಗೆ ಅವಳ ಕಣ್ಣು ತುಂಬುತ್ತಿತ್ತು, ಇಲ್ಲವೇ ಪಾತ್ರೆಯೊಂದು ಜೋರಾಗಿ ಸದ್ದು ಮಾಡುತ್ತಿತ್ತು. ಇವತ್ತು ಅವಳು ಒದ್ದೆ ಕೈಯಲ್ಲೇ ಓಡಿಬಂದು ಅಮ್ಮನ ಮುಂದೆ ಕೂತು, "ಇದೇ ಅಮ್ಮ, ಇದನ್ನೇ ಅಲ್ಲೂ ಹೇಳಬೇಕು. ಒಂದು ಮಾತೂ ಬಿಡಬೇಡ," ಎಂದು ಬೇಡಿಕೊಂಡಳು. ಪೇಪರ್ ಓದುತ್ತಿದ್ದ ಗಂಡ ನಕ್ಕ. ಅವನು ಕೆಟ್ಟವನಲ್ಲ. ಎಲ್ಲದಕ್ಕೂ ಒಂದು ಪಟ್ಟಿ ಮಾಡಿಕೊಂಡರೆ ಸಾಕು ಎಂದು ನಂಬಿದವನು. ಪಟ್ಟಿಯನ್ನು ಎಲ್ಲಿಟ್ಟೆ ಎಂದು ಎಂದೂ ಹುಡುಕದವನು. "ಇಷ್ಟು ವರ್ಷ ಚೆನ್ನಾಗೇ ಇದ್ದೆಯಲ್ಲ, ಈಗ ಇದೇನು ಹೊಸ ಕಾಯಿಲೆ?" ಎಂದ. ಇದನ್ನೇ ಮ್ಯಾನೇಜರೂ ಕೇಳಿದ್ದ. ಅವರಿಬ್ಬರೂ ಒಂದೇ ಶಾಲೆಯಲ್ಲಿ ಓದಿರಬೇಕು ಎಂದುಕೊಂಡಳು.

ಬಸ್ಸಿನಲ್ಲಿ ಅಮ್ಮನನ್ನು ಕಿಟಕಿಯ ಪಕ್ಕ ಕೂರಿಸಿ, ಕೈಚೀಲವನ್ನು ಎರಡೂ ಕೈಯಿಂದ ಅಪ್ಪಿ ಹಿಡಿದು ಕೂತಾಗ, ಮುಂದಿನ ಸೀಟಿನಲ್ಲಿದ್ದವನ ಅಂಗಿಯ ತೋಳು ಕಣ್ಣಿಗೆ ಬಿತ್ತು. ಈಚೆಗೆ ಎಲ್ಲಿ ಹೋದರೂ ಅವಳಿಗೆ ಕಾಣುವುದು ತೋಳುಗಳೇ. ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಕತ್ತರಿಯಕ್ಕ ಅನ್ನುತ್ತಾರೆ. ಆಸ್ಪತ್ರೆಗಳಿಗೆ ಬಿಳಿ ಕೋಟು ಹೊಲಿಯುವ ಕಾರ್ಖಾನೆ ಅದು. ಬಟ್ಟೆಯನ್ನು ಪದರದ ಮೇಲೆ ಪದರ ಹಾಸಿ, ಎಲ್ಲದರ ಸೀದಾ ಬದಿ ಮೇಲೆ ಬರುವಂತೆ ನೋಡಿಕೊಂಡು, ಕಾಗದದ ಅಚ್ಚಿಟ್ಟು ಗುರುತು ಹಾಕಿ, ಯಂತ್ರದ ಅಲಗಿನಿಂದ ಒಂದೇ ಏಟಿಗೆ ಕತ್ತರಿಸಬೇಕು. ತೋಳಿನ ಅಚ್ಚನ್ನು ಒಂದು ಸಲ ಹಾಗೇ ಇಡಬೇಕು, ಒಂದು ಸಲ ಮಗುಚಿ ಇಡಬೇಕು. ಮಗುಚದಿದ್ದರೆ ಎಲ್ಲವೂ ಒಂದೇ ಕೈಯ ತೋಳಾಗುತ್ತವೆ. ಕೆಲಸಕ್ಕೆ ಸೇರಿದ ಮೊದಲ ವಾರ ಕಲಿಸುವ ಪಾಠ ಅದು. ಇಪ್ಪತ್ತು ವರ್ಷವಾದ ಮೇಲೆ ಹೋದ ತಿಂಗಳೊಂದು ದಿನ ಕತ್ತರಿಯಕ್ಕ ಅಚ್ಚನ್ನು ಮಗುಚುವುದು ಮರೆತಳು. ಇಡೀ ಹಾಸು ಎಡತೋಳಾಗಿ ಬಿತ್ತು. ಹೊಲಿಗೆಯವರು ಒಂದು ಕೋಟಿಗೆ ಎರಡು ಎಡತೋಳು ಹಿಡಿದುಕೊಂಡು ಬಂದು ನಿಂತಾಗ ಮ್ಯಾನೇಜರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. "ಎರಡೂ ಕೈ ಎಡಗೈ ಇರೋ ಡಾಕ್ಟರು ಯಾವ ಆಸ್ಪತ್ರೇಲಿದ್ದಾರೆ ಕತ್ತರಿಯಕ್ಕ? ಹೇಳಿ, ಅಲ್ಲಿಗೇ ಕಳಿಸೋಣ," ಎಂದ. ಇಡೀ ಹಾಲ್ ನಕ್ಕಿತು. ಅವಳೂ ನಕ್ಕಳು. ಅವಮಾನವಾದಾಗ ಎಲ್ಲರಿಗಿಂತ ಮೊದಲು ತಾನೇ ನಗುವುದನ್ನು ಅವಳು ಮೂರನೆಯ ಕ್ಲಾಸಿನಲ್ಲೇ ಕಲಿತಿದ್ದಳು, ಆ ಒಂದು ಪಾಠ ಮಾತ್ರ ಯಾವತ್ತೂ ಮರೆತಿಲ್ಲ.

ಯಾರಿಗೂ ಗೊತ್ತಿಲ್ಲದ ಸಂಗತಿ ಎಂದರೆ, ಇಪ್ಪತ್ತು ವರ್ಷ ಆ ಕಾರ್ಖಾನೆಯ ಕಟಿಂಗ್ ಕೆಲಸ ನಡೆದದ್ದು ಅವಳ ಮುಟ್ಟಿನ ಲೆಕ್ಕದ ಮೇಲೆ. ಮುಟ್ಟು ಮುಗಿದ ಮೇಲಿನ ಎರಡು ವಾರ ಅವಳ ತಲೆ ತೊಳೆದ ಕನ್ನಡಿಯಂತೆ ಇರುತ್ತಿತ್ತು. ಕಷ್ಟದ ಕೆಲಸವೆಲ್ಲ ಆಗ. ಕಾಲರು, ತೋಳು, ಎಡಬಲ ಇರುವ ಎಲ್ಲ ತುಂಡು. ಮುಟ್ಟಿಗೆ ಮುಂಚಿನ ವಾರ ಅದೇ ತಲೆಯೊಳಗೆ ಯಾರೋ ಹತ್ತಿ ತುಂಬಿದ ಹಾಗೆ; ಆಗ ಜೇಬು, ಬೆಲ್ಟು, ಚಚ್ಚೌಕದ ತುಂಡುಗಳು. ಉಲ್ಟಾ ಇಟ್ಟರೂ ಜೇಬು ಜೇಬೇ. ಈ ವ್ಯವಸ್ಥೆಯನ್ನು ನೋಡಿ ಹಿಂದಿನ ಮ್ಯಾನೇಜರು, "ನಮ್ಮ ಕತ್ತರಿಯಕ್ಕನ ಪ್ಲಾನಿಂಗ್ ನೋಡಿ ಕಲೀರಿ," ಎಂದು ಎಲ್ಲರೆದುರು ಹೊಗಳಿದ್ದ. ಹೊಸ ವರ್ಷಕ್ಕೆ ಒಂದು ಗಡಿಯಾರವನ್ನೂ ಕೊಟ್ಟಿದ್ದ. ಅವಳ ಗರ್ಭಕೋಶಕ್ಕೆ ಸಿಕ್ಕ ಬಹುಮಾನ ಎಂದು ಅವಳಿಗೊಬ್ಬಳಿಗೇ ಗೊತ್ತಿತ್ತು. ಈಗ ನಲವತ್ತಾರಕ್ಕೆ ಆ ಪಂಚಾಂಗವೇ ಕೆಟ್ಟು ಕೂತಿದೆ. ಮುಟ್ಟು ಬಂದರೆ ಎರಡು ವಾರಕ್ಕೇ ಬರುತ್ತದೆ, ಬಾರದಿದ್ದರೆ ಮೂರು ತಿಂಗಳಾದರೂ ಇಲ್ಲ. ಹತ್ತಿ ತುಂಬಿದ ವಾರ ಮಾತ್ರ ಬಂದದ್ದು ಹೋಗಲೇ ಇಲ್ಲ, ನೆಂಟರ ಹಾಗೆ ಪೆಟ್ಟಿಗೆ ಬಿಚ್ಚಿ ಉಳಿದುಬಿಟ್ಟಿದೆ. ಮಾತಿನ ನಡುವೆ ಪದ ಕೈಕೊಡುತ್ತದೆ. ಮೊನ್ನೆ ಕಾರ್ಖಾನೆಯಲ್ಲಿ ಎಲ್ಲರೆದುರು ಕತ್ತರಿಗೆ ಏನನ್ನುತ್ತಾರೆಂದು ತೋಚದೆ, "ಅದೇ, ಆ ಕಚಕಚ ಅನ್ನೋದು," ಎಂದಿದ್ದಳು. ಕತ್ತರಿಯಕ್ಕ!

"ಇಳೀಬೇಕಲ್ವೇನೇ?" ಎಂದು ಅಮ್ಮ ತಿವಿದಳು. ಇಳಿಯಬೇಕಾಗಿತ್ತು. ಕಳೆದೊಂದು ವರ್ಷದಲ್ಲಿ ಅವಳು ಕಂಡ ಡಾಕ್ಟರುಗಳ ವಿಷಯಕ್ಕೆ ಬಂದರೆ, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಕಾರ್ಖಾನೆಯ ಡಾಕ್ಟರು ನಾಲಿಗೆ ಚಾಚಿಸಿ ನೋಡಿ ಕಬ್ಬಿಣದ ಮಾತ್ರೆ ಬರೆದು ದಿನಾ ನಡೆಯಿರಿ ಎಂದಿದ್ದ. ದಿನವಿಡೀ ನಿಂತು ನಡೆಯುವ ಕೆಲಸದವಳಿಗೆ. ಮನಸ್ಸಿನ ಡಾಕ್ಟರೊಬ್ಬರು ಫೋನಿನಲ್ಲೇ, ಇದು ವಯಸ್ಸಿನದು, ಹೆಂಗಸರ ಡಾಕ್ಟರನ್ನು ನೋಡಿ ಎಂದಿದ್ದರು. ಹೆಂಗಸರ ಡಾಕ್ಟರು ಚಿಕ್ಕ ವಯಸ್ಸಿನವಳು, ಹೊರಗೆ ಕಾಯುವವರ ಸಾಲು ನೋಡುತ್ತ ನೋಡುತ್ತಲೇ ಮಾತಾಡುವವಳು, ಆದರೆ ಐದು ನಿಮಿಷದಲ್ಲಿ ಹೇಳಿದ್ದಷ್ಟನ್ನು ಇಷ್ಟು ವರ್ಷ ಯಾರೂ ಹೇಳಿರಲಿಲ್ಲ. "ನೋಡಿ, ಗಮನ ನಿಲ್ಲೋದಕ್ಕೆ ಮಿದುಳಲ್ಲಿ ಒಂದು ರಸ ಬೇಕು. ಆ ರಸಕ್ಕೆ ಈ ಹೆಂಗಸರ ಹಾರ್ಮೋನು ಒತ್ತಾಸೆ. ಮುಟ್ಟಿಗೆ ಮುಂಚೆ ಅದು ಇಳಿಯುತ್ತೆ. ಮುಟ್ಟು ನಿಲ್ಲೋ ಕಾಲದಲ್ಲಿ ಏರಿ ಇಳಿದು, ಏರಿ ಇಳಿದು, ಕೊನೆಗೆ ಇಳಿದೇಬಿಡುತ್ತೆ. ಆಗ ಎಲ್ಲರಿಗೂ ಸ್ವಲ್ಪ ಮಂಕಾಗೋದು ಇದ್ದದ್ದೇ. ಆದ್ರೆ ಎಡಿಎಚ್‌ಡಿ ಅಂತ ಒಂದಿದೆ, ಗಮನ ಒಂದು ಕಡೆ ನಿಲ್ಲದ ತೊಂದರೆ, ಹುಟ್ಟಿನಿಂದ ಬರೋದು. ಅದಿದ್ದವರು ಚಿಕ್ಕಂದಿನಿಂದ ಹೇಗೋ ಏನೇನೋ ಉಪಾಯ ಮಾಡ್ಕೊಂಡು ಮುಚ್ಚಿಟ್ಟಿರ್ತಾರೆ. ಒತ್ತಾಸೆ ಹೋದಾಗ ಉಪಾಯ ಎಲ್ಲ ಕುಸಿಯುತ್ತೆ. ನಿಮ್ಮದು ಅದೇ ಅನ್ಸುತ್ತೆ ನನಗೆ. ಆದ್ರೆ ಅದನ್ನ ಹೇಳಬೇಕಾದವಳು ನಾನಲ್ಲ, ಮನಸ್ಸಿನ ಡಾಕ್ಟರು." ಹೊರಗೆ ಬಂದು ಅವಳು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತಿದ್ದಳು. ದುಃಖಕ್ಕಲ್ಲ. ತನ್ನದು ಸೋಮಾರಿತನವಲ್ಲ, ಕೊಬ್ಬಲ್ಲ, ಬೇಜವಾಬ್ದಾರಿಯಲ್ಲ, ಅದಕ್ಕೊಂದು ಹೆಸರಿದೆ ಎಂಬುದಕ್ಕೆ. ಕಣ್ಣೊರೆಸಿಕೊಂಡು ಮನೆಗೆ ಹೋದ ಮೇಲೆ ನೋಡಿದರೆ ಕೊಡೆ ಆ ಮೆಟ್ಟಿಲ ಮೇಲೇ ಉಳಿದಿತ್ತು.

ಹೆಸರು ಇದ್ದರೆ ಸಾಲದು, ಸಾಕ್ಷಿ ಬೇಕು. ಹನ್ನೆರಡು ವರ್ಷ ತುಂಬುವ ಮೊದಲೇ ಈ ಲಕ್ಷಣ ಇತ್ತೆಂದು ಕಣ್ಣಾರೆ ಕಂಡವರು ಬಂದು ಹೇಳಬೇಕು, ಹೆತ್ತವರಾದರೆ ಉತ್ತಮ ಎಂದು ಕ್ಲಿನಿಕ್ಕಿನವರು ಫೋನಿನಲ್ಲಿ ಹೇಳಿದ್ದರು. ಅಪ್ಪ ಹೋಗಿ ಹತ್ತು ವರ್ಷವಾಗಿತ್ತು. ಉಳಿದದ್ದು ಅಮ್ಮ. ಅಮ್ಮನಿಗಿಂತ ದೊಡ್ಡ ಸಾಕ್ಷಿ ಬೇಕೇ? ಅವಳ ಒಂದೊಂದು ಮರೆವನ್ನೂ ಅಮ್ಮ ಕಂಠಪಾಠ ಮಾಡಿಟ್ಟುಕೊಂಡಿದ್ದಾಳೆ. ನೆಂಟರು ಬಂದಾಗ, ಬೀಗರು ಬಂದಾಗ, ಬಾಡಿಗೆಗೆ ಮನೆ ಕೇಳಲು ಬಂದವರೆದುರು ಕೂಡ ಒಪ್ಪಿಸಿದ್ದಾಳೆ. ಕಾಯುವ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಅಮ್ಮ ಒಳ್ಳೆಯ ಬಟ್ಟೆ ಉಟ್ಟು, ಮಡಿಲಲ್ಲಿ ಚೀಲ ಇಟ್ಟುಕೊಂಡು ನೆಟ್ಟಗೆ ಕೂತಿದ್ದಳು. ಗೋಡೆಯ ಮೇಲೆ ಒಂದು ಚಿತ್ರ ಇತ್ತು: ಕುರ್ಚಿಯ ಮೇಲೆ ಹತ್ತಿ ಕುಣಿಯುತ್ತಿರುವ ಹುಡುಗ, ತಲೆ ಮೇಲೆ ಕೈ ಹೊತ್ತ ಟೀಚರು. ಇಡೀ ಕೋಣೆಯಲ್ಲಿ ಅವಳ ಹಾಗಿರುವವರ ಚಿತ್ರ ಒಂದೂ ಇರಲಿಲ್ಲ; ಇದ್ದರೂ ಅದು ಸುಮ್ಮನೆ ಕೂತ ಹುಡುಗಿಯ ಚಿತ್ರವಾಗಿರುತ್ತಿತ್ತು, ಅದನ್ನು ನೋಡಿ ಯಾರಿಗೆ ಏನು ತಿಳಿಯಬೇಕು. "ನೆಟ್ಟಗೆ ಕೂತ್ಕೋ," ಎಂದಳು ಅಮ್ಮ. "ಕೂದಲು ಸರಿ ಮಾಡ್ಕೋ. ಡಾಕ್ಟ್ರು ಏನಂದ್ಕೋತಾರೆ?" ಅವಳು ಮೆಲ್ಲಗೆ, "ಅಮ್ಮ, ನಾನು ಸರಿಯಿಲ್ಲ ಅಂತ ಅವರು ಅಂದ್ಕೋಬೇಕು. ಅದಕ್ಕೇ ಬಂದಿರೋದು," ಎಂದಳು. ಅಮ್ಮ ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಬಾಗಿಲನ್ನೇ ನೋಡುತ್ತಿದ್ದಳು.

ಡಾಕ್ಟರು ಅರವತ್ತರ ಆಸುಪಾಸಿನವರು, ಸಾಧುಪ್ರಾಣಿ. ಅವರ ಕೋಟಿನ ಬಲತೋಳು ಭುಜದ ಹತ್ತಿರ ಸುಕ್ಕು ಬಿದ್ದಿತ್ತು. ಯಾರೋ ಎಳೆದು ಹೊಲಿದಿದ್ದಾರೆ ಎಂದು ಅವಳ ಕಣ್ಣು ಅಲ್ಲೇ ನಿಂತಿತು, ಅವರು ಕೇಳಿದ ಮೊದಲ ಪ್ರಶ್ನೆ ತಪ್ಪಿಹೋಯಿತು. "ಕ್ಷಮಿಸಿ, ಏನಂದ್ರಿ?" "ಸಮಯಕ್ಕೆ ಸರಿಯಾಗಿ ಬಂದಿದ್ದೀರಿ, ಸಂತೋಷ ಅಂದೆ," ಎಂದು ನಕ್ಕು ಅವರು ಮುಂದಿದ್ದ ಹಾಳೆಯಲ್ಲಿ ಏನೋ ಗುರುತು ಹಾಕಿದರು. ಅದು ತನ್ನ ವಿರುದ್ಧದ ಗುರುತು ಎಂದು ಅವಳಿಗೆ ಹೊಳೆಯಿತು. ಸಮಯಕ್ಕೆ ಬರಲು ಬೆಳಗಿನ ಕೆಲಸವನ್ನೆಲ್ಲ ಅರ್ಧಕ್ಕೇ ಬಿಟ್ಟು, ಮತ್ತೆ ಹಿಡಿದರೆ ಮುಳುಗಿಹೋಗುತ್ತೇನೆ ಎಂದು ಹೆದರಿ, ಎರಡು ಗಂಟೆ ಮೊದಲೇ ಬಂದು ಎದುರಿನ ಅಂಗಡಿಯ ಮುಂದೆ ಅಮ್ಮನ ಜೊತೆ ನಿಂತದ್ದನ್ನು ಹೇಳಬೇಕೆಂದುಕೊಂಡಳು. ಅಷ್ಟರಲ್ಲಿ ಅವರು ಅಮ್ಮನ ಕಡೆ ತಿರುಗಿದ್ದರು. "ಹೇಳಿ ಅಮ್ಮ, ಚಿಕ್ಕವರಿದ್ದಾಗ ಇವರು ಕೂತಲ್ಲಿ ಕೂರ್ತಿರಲಿಲ್ವಾ? ಮರ ಹತ್ತೋದು, ಗೋಡೆ ಹಾರೋದು?"

"ಇವಳಾ?" ಎಂದಳು ಅಮ್ಮ. "ಕೂತ್ರೆ ಕಲ್ಲು, ಡಾಕ್ಟ್ರೇ. ಕಿಟಕಿ ಹತ್ರ ಕೂತ್ಕೊಂಡ್ರೆ ಊಟಕ್ಕೆ ಹತ್ತು ಸಲ ಕರೆದ್ರೂ ಏಳ್ತಿರಲಿಲ್ಲ. ಅಷ್ಟು ಶಾಂತ ಸ್ವಭಾವ."

ಆ ಕಿಟಕಿ! ಎಷ್ಟು ಏಟು ತಿಂದಿದ್ದಳು ಆ ಕಿಟಕಿಯ ಸಲುವಾಗಿ. ಎದುರು ಮನೆಯ ಗೋಡೆಯ ಮೇಲೆ ಸೋರಿದ ನೀರಿನ ಕಲೆ ಒಂದು ದಿನ ಕುದುರೆಯಾಗಿ, ಒಂದು ದಿನ ಹಡಗಾಗಿ, ಅದರ ಮೇಲೆ ಹತ್ತಿ ಅವಳು ಎಲ್ಲೆಲ್ಲಿಗೋ ಹೋಗಿಬಿಡುತ್ತಿದ್ದಳು. ಮರಳಿ ಬರುವಷ್ಟರಲ್ಲಿ ಗಣಿತದ ಪುಸ್ತಕದ ಅದೇ ಪುಟ, ತಲೆ ಮೇಲೆ ಅಮ್ಮನ ಕೈ. ಡಾಕ್ಟರು 'ಶಾಂತ' ಎಂದು ಬರೆದುಕೊಂಡರು. "ವಸ್ತುಗಳನ್ನ ಕಳ್ಕೊಳ್ಳೋದು?" "ಒಂದು ಗುಂಡುಸೂಜಿ ಕಳೆದವಳಲ್ಲ." "ಹೇಳಿದ್ದನ್ನ ಮರೆಯೋದು?" "ಒಂದು ಸಲ ಹೇಳಿದ್ರೆ ಸಾಕು." "ಓದಿನಲ್ಲಿ?" "ಫಸ್ಟ್ ಕ್ಲಾಸ್." ಅವಳು ಅಮ್ಮನ ಮುಖವನ್ನೇ ನೋಡಿದಳು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಅದು ಮುದ್ದಾಗಲು ನಲವತ್ತಾರು ವರ್ಷ ಬೇಕಾಯಿತೇ? ಹುಟ್ಟಿದಂದಿನಿಂದ ಕೇಳಿ ಕೇಳಿ ಕಿವಿ ತೂತಾದ ಮಾತುಗಳು, ಯಾರು ಬೇಡವೆಂದರೂ ನಿಲ್ಲದೆ ಸುರಿಯುತ್ತಿದ್ದ ಮಾತುಗಳು, ಬೇಕೇ ಬೇಕು ಎಂದ ಒಂದೇ ಒಂದು ದಿನ ಬತ್ತಿಹೋದವು. ಜೀವಮಾನವೆಲ್ಲ ಅಮ್ಮನ ಬಾಯಲ್ಲಿ ಹೀಗೊಂದು ಹೊಗಳಿಕೆ ಕೇಳಬೇಕೆಂದು ಆಸೆಪಟ್ಟಿದ್ದಳು. ಈಗ ಅದು ಬಂದದ್ದು ಅವಳನ್ನು ದಾರ ಕತ್ತರಿಸುವ ಮೇಜಿಗೆ ನೂಕಲು. ನಗು ಬಂತು, ಅದರ ಹಿಂದೆಯೇ ಸಿಟ್ಟು ಬಂತು, ಅದರ ಹಿಂದೆ ಮೈಯೆಲ್ಲ ಬಿಸಿಯೇರಿ ಕುತ್ತಿಗೆಯಿಂದ ಬೆವರು ಇಳಿಯಿತು. ಅದೂ ಈ ವಯಸ್ಸಿನ ಕೊಡುಗೆಯೇ; ಸಿಟ್ಟಿನದ್ದು ಯಾವುದು, ಹಾರ್ಮೋನಿನದ್ದು ಯಾವುದು ಎಂದು ಬೇರೆ ಮಾಡಲು ಈಗ ಅವಳಿಂದ ಆಗುವುದಿಲ್ಲ.

"ಅಮ್ಮ, ಐದನೇ ಕ್ಲಾಸಲ್ಲಿ ಪರೀಕ್ಷೆ ದಿನ ಒಂದೇ ಕಾಲಿಗೆ ಶೂ ಹಾಕ್ಕೊಂಡು ಹೋಗಿದ್ನಲ್ಲ," ಎಂದಳು ಅವಳು.

"ಅದಾ? ಅದೇನು ದೊಡ್ಡ ವಿಷಯ. ಇನ್ನೊಂದು ನಾನೇ ತಂದುಕೊಟ್ನಲ್ಲ, ಬೆಲ್ ಹೊಡೆಯೋದ್ರೊಳಗೆ."

ಡಾಕ್ಟರ ಪೆನ್ನು ನಿಂತಿತು. "ನೀವು ತಂದುಕೊಟ್ರಾ?"

"ಮತ್ತೆ ಇನ್ಯಾರು ತರ್ತಾರೆ?" ಅಮ್ಮ ಕುರ್ಚಿಯಲ್ಲಿ ಸ್ವಲ್ಪ ಮುಂದೆ ಸರಿದಳು. ಮಗಳ ವಿಷಯದಲ್ಲಿ ಎಷ್ಟು ಬೇಕಾದರೂ ಸುಳ್ಳು ಹೇಳಬಲ್ಲವಳಿಗೆ ತನ್ನ ದುಡಿಮೆಯನ್ನು ಮುಚ್ಚಿಡಲು ಮಾತ್ರ ಆಗಲಿಲ್ಲ. "ದಿನಾ ಮಧ್ಯಾಹ್ನ ಶಾಲೆ ಗೇಟಿಗೆ ಹೋಗ್ತಿದ್ದೆ. ಒಂದು ದಿನ ಊಟದ ಡಬ್ಬಿ, ಒಂದು ದಿನ ಪುಸ್ತಕ, ಒಂದು ದಿನ ಸ್ವೆಟರು. ವಾಚ್‌ಮನ್ನು ಕೇಳ್ತಿದ್ದ, ಇವತ್ತೇನಮ್ಮ ಅಂತ. ಪೆನ್ಸಿಲ್ ಎಲ್ಲಿ ಉಳಿಯುತ್ತೆ ಇವಳ ಹತ್ರ? ದಾರ ಕಟ್ಟಿ ಅಂಗಿಗೇ ಹೊಲಿದುಬಿಟ್ಟಿದ್ದೆ. ಮನೆ ಬೀಗದ ಕೈ ಕೊರಳಿಗೆ. ರಾತ್ರಿ ಪಕ್ಕದಲ್ಲಿ ಕೂತು ಲೆಕ್ಕ ಮಾಡಿಸಬೇಕು, ನಾನು ಎದ್ದು ಅಡುಗೆಮನೆಗೆ ಹೋದ್ರೆ ಮುಗೀತು, ಪೆನ್ಸಿಲ್ ಅಲ್ಲೇ, ಇವಳು ಎಲ್ಲೋ. ಫಸ್ಟ್ ಕ್ಲಾಸ್ ಸುಮ್ಮನೆ ಬಂತಾ ಡಾಕ್ಟ್ರೇ? ಅವಳಿಗೆ ಬಂದಿದ್ದಲ್ಲ ಅದು, ನನಗೆ ಬಂದಿದ್ದು."

ಡಾಕ್ಟರು ಹಳೆಯ ಗುರುತುಗಳ ಮೇಲೆ ಒಂದೊಂದಾಗಿ ಗೆರೆ ಎಳೆಯುತ್ತಿದ್ದರು. ಬೈಗುಳದಲ್ಲಿ ಇದೆಲ್ಲ ಇರಲಿಲ್ಲ. ಬೈಗುಳದಲ್ಲಿ ಇದ್ದದ್ದು ಅವಳ ಮರೆವು ಮಾತ್ರ. ಗೇಟಿನವರೆಗೆ ಬಿಸಿಲಲ್ಲಿ ನಡೆದ ಹೆಜ್ಜೆಗಳು ಇರಲಿಲ್ಲ. ಅವಳು ಬೆಳೆದದ್ದು ಅಮ್ಮನ ತಲೆಯನ್ನು ಕಡ ತಂದುಕೊಂಡು, ಅದು ತನ್ನದೇ ಎಂದು ತಿಳಿದುಕೊಂಡು. "ಅಮ್ಮ, ಒಂದು ಕೇಳ್ತೀನಿ," ಎಂದರು ಡಾಕ್ಟರು, ಈಗ ಅವರ ಧ್ವನಿ ಹಾಳೆಯಿಂದ ಹೊರಗೆ ಬಂದಿತ್ತು. "ನೀವಿಲ್ಲದ ಸಮಯ ಯಾವತ್ತಾದರೂ ಇತ್ತಾ? ನೀವಿಲ್ಲದಾಗ ಇವರು ಹೇಗಿದ್ರು?"

ಅಮ್ಮ ಮತ್ತೆ ಚೀಲದ ಹಿಡಿಯನ್ನು ಬೆರಳಿಗೆ ಸುತ್ತತೊಡಗಿದಳು. ಉತ್ತರ ಮಗಳಿಗೆ ಗೊತ್ತಿತ್ತು. ಒಂಬತ್ತನೆಯ ಕ್ಲಾಸು. ಅಮ್ಮ ಆರೋಗ್ಯ ಸುಧಾರಿಸಲೆಂದು ಸೋದರಮಾವನ ಮನೆಗೆ ಹೋದ ವರ್ಷ. ಅವಳೂ ಹೊಸದಾಗಿ ದೊಡ್ಡವಳಾಗಿದ್ದಳು, ಮೈ ತನ್ನದಲ್ಲ ಎನಿಸುತ್ತಿತ್ತು, ಕಾರಣವಿಲ್ಲದೆ ಅಳು ಬರುತ್ತಿತ್ತು. ಮನೆಯಲ್ಲಿ ಒಂದು ವಸ್ತುವೂ ಇದ್ದಲ್ಲಿ ಇರಲಿಲ್ಲ. ಮೂರು ವಿಷಯಗಳಲ್ಲಿ ಫೇಲಾದಳು. ಸಹಿ ಹಾಕುವಾಗ ಅಪ್ಪ, "ಅಮ್ಮನ ಹಾಗೇ," ಎಂದಿದ್ದ, ಅಷ್ಟೇ. ವರ್ಷ ಕಳೆದು ಅಮ್ಮ ಮರಳಿ ಬಂದಾಗ ಅವಳು ಎದುರಿಗೆ ಹೋಗಲಿಲ್ಲ. ಬೇಕಾದಾಗ ಬಿಟ್ಟು ಹೋದವಳು ಎಂದು ಮನಸ್ಸಿನಲ್ಲಿ ಒಂದು ಬಾಗಿಲು ಹಾಕಿಕೊಂಡಳು, ಅದು ಇಷ್ಟು ವರ್ಷವೂ ಪೂರ್ತಿ ತೆರೆದಿಲ್ಲ.

"ನಾನು ಹೋಗಲಿಲ್ಲ, ಡಾಕ್ಟ್ರೇ. ಕಳಿಸಿದ್ರು," ಎಂದಳು ಅಮ್ಮ. ಮಗಳ ಕಡೆ ನೋಡಲಿಲ್ಲ. "ಈಗ ಇವಳಿಗೆಷ್ಟೋ ಆಗ ನನಗೂ ಅಷ್ಟೇ ವಯಸ್ಸು. ಮುಟ್ಟು ನಿಲ್ತಾ ಇತ್ತು. ಅದಕ್ಕೂ ಮುಂಚೆ ನಾನೂ ಏನು ಸರಿ ಇರಲಿಲ್ಲ ಅನ್ನಿ, ಹೇಗೋ ಸಂಭಾಳಿಸ್ತಿದ್ದೆ. ಆ ವರ್ಷ ಎಲ್ಲ ಕೈ ಬಿಟ್ಟುಹೋಯ್ತು. ಒಲೆ ಆರಿಸೋದು ಮರೆತೆ, ಎರಡು ಸಲ. ಮೈಯೆಲ್ಲಾ ಬೆಂಕಿ, ನಿದ್ದೆ ಇಲ್ಲ. ಮಾತಾಡ್ತಾ ಮಾತಾಡ್ತಾ ಗಂಡನ ಹೆಸರೇ ನೆನಪಿಗೆ ಬರಲಿಲ್ಲ ಒಂದು ದಿನ. ಸಿಟ್ಟು ಬಂದು ತಟ್ಟೆ ಎಸೆದೆ. ಇವಳಪ್ಪ ಡಾಕ್ಟ್ರ ಹತ್ರ ಕರ್ಕೊಂಡು ಹೋದ್ರು. ಅವರೂ ನಿಮ್ಮ ಹಾಗೇ, ಒಳ್ಳೆಯವರು. ಹೀಗೇ ಒಂದೊಂದಾಗಿ ಕೇಳಿದ್ರು. ನಾನು ಎಲ್ಲ ನಿಜ ಹೇಳ್ದೆ. ಬರ್ಕೊಂಡ್ರು. ಬರೆದಿದ್ದನ್ನ ಇವಳಪ್ಪನ ಕೈಗೆ ಕೊಟ್ರು. ತಲೆ ಸರಿಯಿಲ್ಲ ಅಂತ ಡಾಕ್ಟ್ರೇ ಬರೆದುಕೊಟ್ಟಿದ್ದಾರೆ ಅಂತ ಆ ವಾರವೇ ನನ್ನ ಅಣ್ಣನ ಮನೇಲಿ ಬಿಟ್ಟು ಬಂದ್ರು. ನಿಜ ಹೇಳಿದ್ದಕ್ಕೆ ಒಂದು ವರ್ಷ ನಾನು ಈ ಮಗು ಮುಖ ನೋಡಲಿಲ್ಲ."

ಅವಳು ಅಮ್ಮನ ಕೈ ಹುಡುಕಿದಳು. ಚೀಲದ ಹಿಡಿ ಸುತ್ತಿ ಸುತ್ತಿ ಆ ಬೆರಳು ಬಿಳುಚಿಕೊಂಡಿತ್ತು. ಬಿಡಿಸಲು ಹೊತ್ತು ಹಿಡಿಯಿತು. ಬೈಗುಳವೆಲ್ಲ ಮನೆಯೊಳಗೇ ಇತ್ತು, ನೆಂಟರ ಮುಂದೆಯೂ ಇತ್ತು, ಆದರೆ ಬರೆದುಕೊಳ್ಳುವವರ ಮುಂದೆ ಅಮ್ಮ ಅದನ್ನು ಎಂದೂ ಆಡಿರಲಿಲ್ಲ. ಶಾಲೆಯಲ್ಲಿ ಟೀಚರು ಕೇಳಿದಾಗಲೂ ಇಲ್ಲ. ಅದೀಗ ಅವಳಿಗೆ ಅರ್ಥವಾಯಿತು, ಅರ್ಥವಾದದ್ದಕ್ಕೆ ನಾಚಿಕೆಯಾಯಿತು. "ಅಮ್ಮ, ನೀನು ಯಾವತ್ತೂ ಹೇಳಲಿಲ್ಲ," ಎಂದಳು. "ನೀನು ಕೇಳಲಿಲ್ಲ," ಎಂದಳು ಅಮ್ಮ, ಅದರಲ್ಲಿ ದೂರು ಇರಲಿಲ್ಲ. ಆಮೇಲೆ ಡಾಕ್ಟರ ಕಡೆ ತಿರುಗಿ, "ನೀವು ಇವಳದು ಬರೀತೀರಲ್ಲ, ಅದನ್ನ ಯಾರ ಕೈಗೆ ಕೊಡ್ತೀರ?" ಎಂದು ಕೇಳಿ ಮೇಜಿನ ಮೇಲಿನ ಹಾಳೆಯನ್ನೇ ನೋಡುತ್ತ ಕೂತಳು.

ಡಾಕ್ಟರ ಪಟ್ಟಿಯಲ್ಲಿ ಆ ಪ್ರಶ್ನೆ ಇರಲಿಲ್ಲ. "ಇವರ ಕೈಗೇ ಅಮ್ಮ," ಎಂದರು ಅವರು ಪೆನ್ನು ಕೆಳಗಿಟ್ಟು.

"ಇವಳ ಗಂಡನಿಗೆ?"

"ಇಲ್ಲ. ಯಾರಿಗೆ ತೋರಿಸಬೇಕು, ತೋರಿಸಬಾರದು ಅನ್ನೋದು ಇವರಿಗೆ ಬಿಟ್ಟಿದ್ದು."

ಅಮ್ಮ ಇದನ್ನು ಮನಸ್ಸಿನಲ್ಲೇ ತಿರುವಿ ಹಾಕಿದಳು. ಹೀಗೂ ಉಂಟೇ ಎನ್ನುವ ಹಾಗೆ ಒಮ್ಮೆ ಮಗಳನ್ನು ನೋಡಿದಳು, ಒಮ್ಮೆ ಬಾಗಿಲನ್ನು ನೋಡಿದಳು. ಬಾಗಿಲ ಹೊರಗೆ ಯಾರೂ ಕಾಯುತ್ತಿರಲಿಲ್ಲ. "ಹಾಗಾದ್ರೆ ಬರ್ಕೊಳ್ಳಿ," ಎಂದಳು. "ನಾನು ಮೊದಲು ಹೇಳಿದ್ದೆಲ್ಲ ಸುಳ್ಳು. ಇವಳು ಹುಟ್ಟಾ ಹೀಗೇ. ನಾನೂ ಹೀಗೇ. ಇವಳಿಗೆ ಬಂದಿದ್ದು ನನ್ನಿಂದ." ಹಾಳೆಯ ಕಡೆ ಬೆರಳು ತೋರಿಸಿ, "ಮೊದಲು ನಂದು ಬರ್ಕೊಳ್ಳಿ," ಎಂದಳು.

"ನಿಮಗೆ ಈಗ ಅದರಿಂದ ಏನಾಗಬೇಕಮ್ಮ?" ಎಂದು ಡಾಕ್ಟರು ಮೆತ್ತಗೆ ಕೇಳಿದರು. "ಔಷಧಿ ಕೊಡೋ ವಯಸ್ಸಲ್ಲ."

"ಔಷಧಿ ಯಾರಿಗೆ ಬೇಕು," ಎಂದಳು ಅಮ್ಮ. "ಬರೆದು ನನ್ನ ಕೈಗೆ ಕೊಡಿ. ನಂದನ್ನ ಒಂದು ಸಲ ನಾನೇ ಹಿಡ್ಕೊಂಡು ನೋಡ್ಬೇಕು."